ಕೈಗಲ್ಲಿನ ಪಟ

ಹೆಸ್ಟಾ ದ್ವೀಪ, ಆರ್ಕ್ನಿ
ಏಪ್ರಿಲ್ 5, 1909

ಪ್ರೀತಿಯ ಅಪ್ಪನಿಗೆ,

ಮೊಣಕಾಲು ಹೇಗಿದೆ? ದೀಪಸ್ತಂಭದ ಮೆಟ್ಟಿಲು ಹತ್ತುವಾಗ ಈಗಲೂ ನೋಯುತ್ತದೆಯೇ? ಹೋದ ಸಲ ಕಳಿಸಿದ ಕುರಿಕೊಬ್ಬಿನ ಮುಲಾಮನ್ನು ನೀವು ಕಾಲಿಗೆ ಹಚ್ಚದೆ ಬೂಟಿಗೆ ಹಚ್ಚಿದಿರಂತೆ, ದೋಣಿಯವರು ಹೇಳಿದರು. ಮೆರಾನ್ ಅತ್ತೆ ಅದನ್ನು ಕೇಳಿ, “ಹೋಗಲಿ, ನಮ್ಮಣ್ಣನ ಬೂಟಾದರೂ ಗುಣವಾಗಲಿ” ಎಂದಳು. ನಾವೆಲ್ಲ ಚೆನ್ನಾಗಿದ್ದೇವೆ. ಕೆಂಪು ಹಸು ಹೆಣ್ಣುಕರು ಹಾಕಿದೆ. ಸಂಜೆ ದೂರದಲ್ಲಿ ನಿಮ್ಮ ದೀಪ ಹೊತ್ತಿಕೊಂಡಾಗಲೆಲ್ಲ ಅತ್ತೆ ಕಿಟಕಿಯ ಹತ್ತಿರ ಹೋಗಿ, “ನೋಡೇ, ನಿನ್ನಪ್ಪ ಎದ್ದ” ಎನ್ನುತ್ತಾಳೆ.

ಒಂದು ಸುದ್ದಿ ಇದೆ ಅಪ್ಪ. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ. ನೀವು ಎದುರಿಗಿದ್ದರೆ ನನ್ನಿಂದ ಹೇಳಲು ಆಗುತ್ತಲೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಎಡಿನ್‌ಬರೋದಿಂದ ಡಾಕ್ಟರ್ ಕಿನ್ನೆರ್ಡ್ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು ಎಂದು ಬರೆದಿದ್ದೆನಲ್ಲ. ರೋಗಿಗಳ ಡಾಕ್ಟರಲ್ಲ, ಕಲ್ಲುಗಳ ಡಾಕ್ಟರು. ನಮ್ಮ ದ್ವೀಪಗಳ ಹಳೆಯ ಕಲ್ಲುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ದೋಣಿಯ ರಾಬಿ ಫ್ಲೆಟ್ ಅವರ ಪೆಟ್ಟಿಗೆಗಳನ್ನು ಹೊತ್ತುಕೊಂಡು ತಿರುಗುತ್ತಿದ್ದ. ಒಂದು ದಿನ ಅವರಿಬ್ಬರಿಗೂ ರೊಟ್ಟಿ, ಗಿಣ್ಣು ಕೊಡಲು ನಾನು ಆ ತೂತಿನ ಕಲ್ಲು, ನಮ್ಮ ಕೈಗಲ್ಲಿನ ಹತ್ತಿರ ಹೋದೆ. ಕಲ್ಲಿನ ಎತ್ತರ ಓದುವವರಿಗೆ ತಿಳಿಯಬೇಕಾದರೆ ಪಕ್ಕದಲ್ಲಿ ಮನುಷ್ಯರು ನಿಂತಿರಬೇಕಂತೆ. ಡಾಕ್ಟರು ರಾಬಿಯನ್ನು ಆ ಕಡೆ, ನನ್ನನ್ನು ಈ ಕಡೆ ನಿಲ್ಲಿಸಿ, ನಡುವಿನ ತೂತಿನೊಳಗಿಂದ ಅಳತೆಪಟ್ಟಿ ಹಿಡಿದುಕೊಳ್ಳಿ ಎಂದರು. “ಅಲ್ಲಾಡಬೇಡಿ” ಎಂದು ಹೇಳಿ ಪಟ ತೆಗೆಯುವ ಪೆಟ್ಟಿಗೆಯ ಕರಿಬಟ್ಟೆಯೊಳಗೆ ತಲೆ ಹಾಕಿದರು. ಗಾಳಿಗೆ ಪಟ್ಟಿ ಜಾರಿತು. ಅದನ್ನು ಹಿಡಿಯಹೋದ ನನ್ನ ಕೈಗೆ ರಾಬಿಯ ಕೈ ಸಿಕ್ಕಿತು. ಅಲ್ಲಾಡಬಾರದಲ್ಲ, ಹಾಗೇ ನಿಂತೆವು.

ನೀವೂ ಅಮ್ಮನೂ ಮದುವೆಗೆ ಮಾತು ಕೊಟ್ಟಿದ್ದು ಅದೇ ತೂತಿನಲ್ಲಿ ಕೈ ಹಿಡಿದು. ಆ ಕೈ ಹಿಡಿತದ ಅರ್ಥ ನನಗೂ ಗೊತ್ತು, ರಾಬಿಗೂ ಗೊತ್ತು. ಆದರೆ ಆಮೇಲೆ ನಾವಿಬ್ಬರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಚಳಿಗಾಲ ಪೂರ್ತಿ ಅವನು ಮೀನು ತಂದರೆ ಹೊಸ್ತಿಲಲ್ಲಿ ಇಟ್ಟು ಓಡಿಹೋಗುತ್ತಿದ್ದ. ಅವನ ಬೆನ್ನು ಗುಡ್ಡದಾಚೆ ಮರೆಯಾದ ಮೇಲೆ ನಾನು ಬಾಗಿಲು ತೆಗೆಯುತ್ತಿದ್ದೆ.

ಹೋದ ವಾರ ಪುಸ್ತಕ ಬಂತು. ಡಾಕ್ಟರು ನೆನಪಿಟ್ಟುಕೊಂಡು ನಮಗೆಂದೇ ಕಳಿಸಿದ್ದಾರೆ. ನನ್ನ ಶಾಲೆಯ ಓದು ನಿಮಗೆ ಗೊತ್ತೇ ಇದೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಪ್ಪ! ಕಬ್ಬಿಣವನ್ನೇ ಕಾಣದ ಜನ ಆ ಕಲ್ಲನ್ನು ಕಡಲದಂಡೆಯಿಂದ ಎಳೆದು ತಂದು ನಿಲ್ಲಿಸಿದರಂತೆ. ನಾವು ಬಟ್ಟೆ ಒಣಹಾಕುವ ದಿಬ್ಬ ಇದೆಯಲ್ಲ, ಅದು ಆ ಜನ ತಮ್ಮ ಸತ್ತವರಿಗೆಂದು ಕಟ್ಟಿದ ಕಲ್ಲುಮನೆಯಂತೆ. ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ, ಇಷ್ಟು ವರ್ಷ ಅವರ ತಲೆ ಮೇಲೆ ನಿನ್ನಪ್ಪನ ಚಡ್ಡಿ ಒಣಗಿಸಿದೆವಲ್ಲೇ” ಎಂದಳು. ಪುಟ ತಿರುಗಿಸಿದರೆ ಕೈಗಲ್ಲು. ಈ ತೂತಿನಲ್ಲಿ ಕೈ ಹಿಡಿದು ಮದುವೆಗೆ ಮಾತು ಕೊಡುವ ಪದ್ಧತಿ ಹಿಂದೆ ಇತ್ತು, ಈಗ ಸಂಪೂರ್ಣವಾಗಿ ಅಳಿದುಹೋಗಿದೆ ಎಂದು ಬರೆದಿದ್ದಾರೆ. ಎದುರು ಪುಟದಲ್ಲಿ ಪಟ. ಕಲ್ಲಿನ ಆಚೆ ಮೇಲಕ್ಕೆ ಕಾಣುವ ರಾಬಿಯ ತಲೆ, ಈಚೆ ನಾನು, ತೂತಿನಲ್ಲಿ ನಮ್ಮಿಬ್ಬರ ಕೈ. ಪಟ್ಟಿ ಕೆಳಗೆ ಹುಲ್ಲಿನಲ್ಲಿ ಬಿದ್ದಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, “ಅಳಿದುಹೋಯಿತಂತೆ. ಹಾಗಾದರೆ ಇದು ಯಾರ ಕೈಯೇ, ದೆವ್ವದ್ದಾ?” ಎಂದಳು.

ಸಂಜೆಯ ಹೊತ್ತಿಗೆ ಊರೆಲ್ಲ ನಮ್ಮ ಅಡುಗೆಮನೆಯಲ್ಲಿತ್ತು. ಪಟ್ಟಿ ಜಾರಿತು, ಅದಕ್ಕೇ ಹಾಗಾಯಿತು ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ? ಕೊನೆಗೆ ಅತ್ತೆಯೇ, “ಕೊಟ್ಟ ಮಾತು ಬಿಡಿಸಿಕೊಳ್ಳಲಿಕ್ಕೂ ದಾರಿ ಇದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೀನು ಚರ್ಚಿನ ತೆಂಕಣ ಬಾಗಿಲಲ್ಲಿ ಹೋಗು, ಅವನು ಬಡಗಣ ಬಾಗಿಲಲ್ಲಿ ಹೋಗಲಿ. ಅಲ್ಲಿಗೆ ಮುಗಿಯಿತು” ಎಂದು ರಾಬಿಯ ತಾಯಿಗೂ ಹೇಳಿ ಕಳಿಸಿದಳು. ನಾನು ಆಗಲಿ ಎಂದೆ. ಬಿಡಿಸಿಕೊಳ್ಳುವುದು ಬೇಡ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಗಾಳಿಯ ದೆಸೆಯಿಂದ ನಾನು ಒಬ್ಬ ಹುಡುಗನ ಕೊರಳಿಗೆ ಬೀಳಬಾರದಲ್ಲ.

ನಿನ್ನೆ ಪ್ರಾರ್ಥನೆ ಮುಗಿದರೂ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ. ನಾನು ತೆಂಕಣ ಬಾಗಿಲಿಗೆ ನಡೆದೆ. ರಾಬಿ ಬಡಗಣ ಬಾಗಿಲಿಗೆ ಹೋಗಿ ಅಂಗೈಯಿಂದ ಮೆಲ್ಲಗೆ ನೂಕಿದ. “ಮರ ಉಬ್ಬಿಕೊಂಡಿದೆ, ತೆರೆಯೋದಿಲ್ಲ” ಎಂದ. ಮುದುಕ ಐಸ್ಬಿಸ್ಟರ್ ಎದ್ದು, “ಮೊನ್ನೆ ಕಲ್ಲಿದ್ದಲು ಅದರಲ್ಲೇ ಒಳಗೆ ಬಂತಲ್ಲೋ” ಎಂದ. “ಆಮೇಲೆ ಉಬ್ಬಿತು.” “ದೋಣಿ ನೂಕೋ ಹುಡುಗ ನೀನು, ಒಂದು ಒದೆ ಕೊಡೋ.” ರಾಬಿ ಕಿವಿಯವರೆಗೂ ಕೆಂಪಾಗಿ, “ದೇವರ ಮನೆ ಬಾಗಿಲು ಒದೀಬಾರದು ತಾತ” ಎಂದ. ಆ ಹುಡುಗನಿಗೆ ನಾಲಿಗೆ ಇದೆಯೋ ಇಲ್ಲವೋ ಎಂದು ನೀವು ಕೇಳುತ್ತಿದ್ದಿರಿ. ಇದೆ ಅಪ್ಪ. ಆಮೇಲೆ ಅವನು ಅಷ್ಟು ಜನರ ಮುಂದೆ ನಡೆದು ಬಂದು ನನ್ನ ಹಿಂದೆ ನಿಂತ. ನಾನು ಇನ್ನೂ ಹೊರಗೆ ಹೋಗಿರಲಿಲ್ಲ. ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ. ಕಟ್ಟಿದ್ದ ದಾರವನ್ನೇ ಬಿಚ್ಚಿ ಕಟ್ಟುತ್ತಿದ್ದೆ. ಒಟ್ಟಿಗೇ ಹೊರಗೆ ಬಂದೆವು. ಚರ್ಚಿನೊಳಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ.

ಈಗ ಉಳಿದಿರುವುದು ನಿಮ್ಮ ಮಾತು. ನೀವು ಬೇಡವೆಂದರೆ ಮುಂದಿನ ಭಾನುವಾರ ಬಡಗಣ ಬಾಗಿಲಲ್ಲಿ ನಾನೇ ಹೋಗುತ್ತೇನೆ. ಈ ಬೆಳಿಗ್ಗೆ ಚರ್ಚು ಗುಡಿಸಲು ಹೋದಾಗ ಮುಟ್ಟಿ ನೋಡಿದೆ, ಬೆರಳು ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ.

ಗಂಟಿನಲ್ಲಿ ಗಿಣ್ಣು, ಎರಡು ಜೊತೆ ಕಾಲುಚೀಲ ಇಟ್ಟಿದ್ದೇನೆ. ಮುಲಾಮು ಮೊಣಕಾಲಿಗೆ. ಗಾಳಿಯಲ್ಲಿ ಬರಿತಲೆಯಲ್ಲಿ ನಿಲ್ಲಬೇಡಿ. ದೇವರು ನಿಮ್ಮನ್ನೂ ನಿಮ್ಮ ದೀಪವನ್ನೂ ಕಾಪಾಡಲಿ.

ನಿಮ್ಮ ಮಗಳು,
ಥೋರಾ

ಮರೆತ ಮಾತು: ದೋಣಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಈ ಕಾಗದ ನಿಮ್ಮ ಕೈಗೆ ಕೊಟ್ಟವನೇ ರಾಬಿ. ಈ ಸಲ ನಾನೇ ಹೋಗುತ್ತೇನೆ ಎಂದು ಕೇಳಿಕೊಂಡು ಬಂದಿದ್ದಾನೆ, ಒಳಗೆ ಏನು ಬರೆದಿದೆ ಎಂದು ಅವನಿಗೆ ಗೊತ್ತಿಲ್ಲ. ನಿಮಗೆ ಒಪ್ಪಿಗೆಯಾದರೆ ಉತ್ತರ ಬರೆಯುವ ಕಷ್ಟ ಬೇಡ, ಅವನ ಕೈ ಹಿಡಿದುಕೊಳ್ಳಿ, ಅವನಿಗೆ ಅರ್ಥವಾಗುತ್ತದೆ. ಅವನು ತಾನಾಗಿ ಏನೂ ಕೇಳುವುದಿಲ್ಲ. ನೀವು ಓದಿ ಮುಗಿಸುವವರೆಗೂ ಪಟದಲ್ಲಿ ನಿಂತ ಹಾಗೆ ಅಲ್ಲಾಡದೆ ನಿಂತಿರುತ್ತಾನೆ.