ಮಂಚದ ದಿಕ್ಕು

ಮುಳ್ಳೇರಿಯ
೯ ನವೆಂಬರ್ ೨೦೨೫, ಆದಿತ್ಯವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಸೊಂಟನೋವು ಹೇಗುಂಟು? ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನೀನು ಕೇಳುತ್ತಿದ್ದದ್ದು ಒಂದೇ, "ಪರೀಕ್ಷೆ ಎಂತಾಯ್ತು?" ನಾನು ಹೇಳುತ್ತಿದ್ದದ್ದೂ ಒಂದೇ, "ಬರೀತೇನೆ." ತಡವಾದದ್ದಕ್ಕೆ ಬೈಯಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ, ನೀನು ಕೆಲಸಕ್ಕಿರುವ ಆ ಮನೆಯ ಮುದುಕಿಗೆ ಸೂಪು ಕುಡಿಸುತ್ತಾ ಮಾತಾಡುವವಳು. ಇದು ಹಾಗೆ ಹೇಳುವ ವಿಷಯವಲ್ಲ. ಪ್ರವೀತಣ್ಣ ರಜೆ ಮುಗಿಸಿ ನಾಳೆ ಮಸ್ಕತ್ತಿಗೆ ಹೊರಡುತ್ತಾನೆ. ಅವನ ಚೀಲದಲ್ಲಿ ಹಪ್ಪಳದ ಕಟ್ಟಿನ ಜೊತೆ ಈ ಕಾಗದ ಇಡುತ್ತೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಪ್ರಮಾಣಪತ್ರ ಸಿಗಲಿಲ್ಲ. ಅದಿದ್ದರೆ ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಇಲ್ಲಿಯ ಪಾಲಿಯೇಟಿವ್ ತಂಡದಲ್ಲಿ ನನ್ನನ್ನು ತೆಗೆದುಕೊಳ್ಳುತ್ತಿದ್ದರು. "ನಿನಗೊಂದು ಕೆಲಸ ಆದ ದಿನ ನಾನು ಪೆಟ್ಟಿಗೆ ಕಟ್ತೇನೆ" ಎಂದಿದ್ದೀಯಲ್ಲ, ಹಾಗಾಗಿ ನನ್ನದು ತಡವಾದರೆ ನೀನು ಬರುವುದೂ ತಡ. ಅದನ್ನು ಯೋಚಿಸಿದರೆ ಊಟ ಸೇರುವುದಿಲ್ಲ.

ಪೂರ್ತಿ ಹೋಯಿತು ಎಂದೂ ಅಲ್ಲ. ಈ ತರಬೇತಿ ಶಾಲೆಯ ಹಾಗಲ್ಲ. ರೋಗಿಯನ್ನು ನೋಡಿಕೊಳ್ಳುವ ಇಡೀ ಕೆಲಸವನ್ನು ಬಿಡಿಸಿ ಘಟಕಗಳೆಂದು ಇಟ್ಟಿದ್ದಾರೆ. ಮೀಯಿಸುವುದು ಒಂದು, ಉಣ್ಣಿಸುವುದು ಒಂದು, ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವುದು ಇನ್ನೊಂದು. ಪ್ರತಿಯೊಂದನ್ನೂ ಮಾಡಿ ತೋರಿಸಬೇಕು. ಅಂಕ ಇಲ್ಲ. "ಸಮರ್ಥೆ" ಅಥವಾ "ಇನ್ನೂ ಸಮರ್ಥೆಯಾಗಿಲ್ಲ", ಎರಡೇ ಮಾತು. ಆದದ್ದು ನಮ್ಮ ಹೆಸರಿನಲ್ಲೇ ಉಳಿಯುತ್ತದೆ, ಆಗದ್ದನ್ನು ಮಾತ್ರ ಮತ್ತೆ ಮಾಡಿದರೆ ಸಾಕು. ಶಾಲೆಯಲ್ಲಿ ಗಣಿತ ಹೋದದ್ದಕ್ಕೆ ಇಡೀ ನಾನೇ ಹೋದ ಹಾಗೆ ನೋಡುತ್ತಿದ್ದರು. ಆ "ಇನ್ನೂ" ಎನ್ನುವುದನ್ನು ಅಲ್ಲಿ ಯಾರಾದರೂ ಹೇಳಿದ್ದರೆ ನಾನು ಶಾಲೆ ಬಿಡುತ್ತಿರಲಿಲ್ಲವೇನೋ. ಇಲ್ಲ, ಸುಳ್ಳು. ಆಗಲೂ ಬಿಡುತ್ತಿದ್ದೆ. ನನಗೆ ಕೂತಲ್ಲಿ ಕೂರಲಿಕ್ಕಾಗುವುದಿಲ್ಲ.

ಕಲಿಸುವ ವಸುಮತಿ ಟೀಚರ್ ಹತ್ತಿರವೂ ಈ ಶಾಲೆ ಬಿಟ್ಟದ್ದರದ್ದೇ ಜಗಳ. ಮನೆಯಲ್ಲೇ ಮಾಡಿ ಕಲಿತವರ ಅನುಭವವನ್ನು ಲೆಕ್ಕಕ್ಕೆ ಹಿಡಿದು, ಸಣ್ಣ ತರಬೇತಿ ಕೊಟ್ಟು ಪರೀಕ್ಷೆ ಮಾಡುವ ದಾರಿಯೊಂದುಂಟು, ನಾನು ಸೇರಿದ್ದು ಅದಕ್ಕೆ. "ಅಜ್ಜಿಯನ್ನು ನೋಡ್ಲಿಕ್ಕೆ ಶಾಲೆ ಬಿಟ್ಟೆ ಅಂತ ಹೇಳು, ಕೇಳ್ಲಿಕ್ಕೆ ಚಂದ" ಎಂದರು. "ಅಲ್ಲ ಟೀಚರ್, ಶಾಲೆ ಬಿಟ್ಟ ಮೇಲೆ ಅಜ್ಜಿ ಹಾಸಿಗೆ ಹಿಡಿದದ್ದು" ಎಂದೆ. "ನಿನ್ನನ್ನು ಕಟ್ಟಿಕೊಂಡು ಎಂತ ಮಾಡುವುದು ಮಾರಾಯ್ತಿ" ಎಂದು ಹಣೆಗೆ ಕೈಯಿಟ್ಟರು.

ಪರೀಕ್ಷಕರು ಕೃಷ್ಣಕುಮಾರ ಸಾರ್, ತೆಂಕಲಾಗಿನ ಮಲಯಾಳಿ. ರೋಗಿಯ ಬದಲು ಮಂಚದಲ್ಲಿ ಆಳೆತ್ತರದ ರಬ್ಬರ್ ಗೊಂಬೆ. "ಇಷ್ಟು ಪಾಪದ ರೋಗಿ ನಮಗೆ ಜೀವಮಾನದಲ್ಲಿ ಸಿಗ್ಲಿಕ್ಕಿಲ್ಲ" ಎಂದ, ನನ್ನ ಜೊತೆ ಕಲಿತ ಮನೀಶ್. ಮೀಯಿಸಿದೆ, ಉಣ್ಣಿಸಿದೆ. ಗೊಂಬೆಯನ್ನೂ "ಅಜ್ಜೀ, ಈಗ ಎಡಕ್ಕೆ ತಿರುಗಿಸ್ತೇನೆ ಆಯ್ತಾ" ಎಂದು ಕೇಳಿಯೇ ಮುಟ್ಟಿದೆ. ಸಾರ್ ತಲೆಯಾಡಿಸಿದರು. ಕೊನೆಯದು ಕುರ್ಚಿಗೆ ಕೂರಿಸುವುದು. ಅದಕ್ಕೆ ಮಂಚವನ್ನು ಕೋಣೆಯ ನಡುವಿಗೆ ಎಳೆದು ಬೇರೆ ರೀತಿ ಇಟ್ಟಿದ್ದರು. ಕಿಟಕಿಯ ಬಿಸಿಲು ನೋಡಿದೆ. ಗೊಂಬೆಯ ತಲೆ ಬಡಗು ದಿಕ್ಕಿಗೆ.

ಅಮ್ಮಾ, ಕೈ ನನ್ನನ್ನು ಕೇಳಲಿಲ್ಲ. ಚಕ್ರದ ಲಾಕ್ ತೆಗೆದು, ಮಂಚ ತಿರುಗಿಸಿ, ತಲೆ ಮೂಡಕ್ಕೆ ಮಾಡಿದೆ. ಲಾಕ್ ಮತ್ತೆ ಹಾಕಲು ಮರೆತೆ. ಎತ್ತಿ ಕೂರಿಸುವಾಗ ಮಂಚ ಹಿಂದಕ್ಕೆ ಜಾರಿತು. ನೆಲದಲ್ಲಿ ನಾನು, ನನ್ನ ಮೇಲೆ ಗೊಂಬೆ.

"ಯಾಕೆ ತಿರುಗಿಸಿದೆ?" ಸಾರ್ ಕೇಳಿದರು.

"ನಮ್ಮಲ್ಲಿ ಬಡಗಿಗೆ ತಲೆ ಹಾಕಿ ಮಲಗಿಸುವುದಿಲ್ಲ ಸಾರ್."

ಅವರು ನಗಲಿಲ್ಲ. "ನಮ್ಮಲ್ಲಿಯೂ ಇಲ್ಲ ಮೋಳೇ. ಆದ್ರೆ ನೀನು ಕೇಳ್ಬೇಕಿತ್ತು" ಎಂದರು. ಆಮೇಲೆ ಕೂರಿಸಿ ಬಿಡಿಸಿ ಹೇಳಿದರು. ಈ ಅರ್ಹತೆಗಳಲ್ಲಿ ಮಟ್ಟಗಳುಂಟಂತೆ. ಮಟ್ಟ ಏರಿದ ಹಾಗೆ ಎತ್ತುವ ಭಾರ ಹೆಚ್ಚುವುದಲ್ಲ, ಸ್ವಂತ ತೀರ್ಮಾನ ಹೆಚ್ಚುವುದು. ನನ್ನ ಮಟ್ಟದಲ್ಲಿ ಮಂಚದ ದಿಕ್ಕು ನರ್ಸಿಗೋ ಮನೆಯವರಿಗೋ ಬಿಟ್ಟದ್ದು. ನಾನು ಹೇಳಬಹುದು, ತಿರುಗಿಸಬಾರದು.

"ಲಾಕ್ ಹಾಳಾಗಿತ್ತು ಅಂತ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?" ಎಂದು ಹೊರಗೆ ಮನೀಶ್ ಗೊಣಗಿದ. ಲಾಕ್ ಹಾಳಾಗಿರಲಿಲ್ಲವಲ್ಲ.

ಆ ಒಂದು ಘಟಕದ ಮರುಪರೀಕ್ಷೆ ಜನವರಿಯಲ್ಲಿ. ಗೊಂಬೆಯ ಬದಲು ಮನೆಯವರನ್ನೇ ಕರೆತಂದು ಮಲಗಿಸಬಹುದಂತೆ. ನೀನು ಬರುತ್ತೀಯಾ? ಕೆಲಸ ಬಿಟ್ಟು ಅಲ್ಲ, ರಜೆಗೆ. ಯಾರ್‍ಯಾರದೋ ತಾಯಂದಿರನ್ನು ಎತ್ತಿ ಎತ್ತಿ ನಿನ್ನ ಸೊಂಟ ಹೋಯಿತು. ನಿನ್ನನ್ನು ಯಾರೂ ಎತ್ತಿಲ್ಲ. ಒಮ್ಮೆ ಬಂದು ಸುಮ್ಮನೆ ಮಲಗು. ಲಾಕ್ ಹಾಕುತ್ತೇನೆ, ಕೇಳಿಯೇ ಮುಟ್ಟುತ್ತೇನೆ.

ಚಿಕ್ಕವರು ದೊಡ್ಡವರಿಗೆ ಹರಸಬಾರದೇನೋ. ಆದರೂ ನಿನ್ನ ಸೊಂಟಕ್ಕೂ, ನಿನ್ನ ಕೈಯಿಂದ ಸೂಪು ಕುಡಿಯುವ ಆ ಮುದುಕಿಗೂ ಒಳ್ಳೆಯದಾಗಲಿ.

ನಿನ್ನ
ಯಶ್ಮಿತಾ

ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು: ಅಜ್ಜಿ ತೀರಿಹೋದಾಗ ಅವಳ ತಲೆ ಬಡಗಿಗಿತ್ತು. ನೆರೆಯವರು ನಿನಗೆ ಹೇಳಿಯೇ ಇರುತ್ತಾರೆ. ನೀನು ಇದುವರೆಗೆ ನನ್ನನ್ನು ಕೇಳಲಿಲ್ಲ. ಹಾಗೆ ಹಾಕಿದ್ದು ನಾನೇ. ಹಾಕಿಸಿದ್ದು ಅಜ್ಜಿ. "ಈಚೆ ತಿರುಗಿಸು ಮಗಾ, ಗೇಟು ಕಾಣ್ತದೆ. ನಿನ್ನಮ್ಮ, ನನ್ನ ತುಂಗಾ, ಬರುವುದು ಮೊದಲು ನನಗೇ ಕಾಣ್ಬೇಕು" ಎಂದಳು. "ತಲೆ ಬಡಗಿಗಾಗ್ತದೆ ಅಜ್ಜೀ" ಎಂದೆ. "ಆಗ್ಲಿ" ಎಂದಳು. ಆಮೇಲೆ ಬೇರೆ ಕಡೆ ನೋಡಲೇ ಇಲ್ಲ. ಆ ಪರೀಕ್ಷೆಯ ಕೋಣೆಯಲ್ಲಿ ನೋಡಲಿಕ್ಕೆ ಗೇಟು ಇರಲಿಲ್ಲ, ಮತ್ತೆ ಯಾಕೆ ಬಡಗಿಗೆ ಮಲಗಬೇಕು ಆ ಪಾಪದ ಗೊಂಬೆ? ನಿನ್ನನ್ನು ನೋಯಿಸಲು ಬರೆದದ್ದಲ್ಲ. ನಮ್ಮ ಮಂಚವನ್ನು ನಾನು ಇನ್ನೂ ತಿರುಗಿಸಿಲ್ಲ. ಈಗ ಅದರಲ್ಲಿ ನಾನು ಮಲಗುತ್ತೇನೆ.