ಬಿಡಿಸಿಕೊಳ್ಳುವ ಪಟ್ಟು

ಮಾರ್ಚ್ 11, ಮಂಗಳವಾರ

ಬರೆಯಬೇಕಂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡಕ ಸರಿಯಿಲ್ಲ, ಬೆರಳ ಗಂಟು ನೋಯುತ್ತದೆ. ಆ ಡಾಕ್ಟರಿಗೇನು, ಹೇಳಿಬಿಟ್ಟ — "ದೋನಾ ಜುರೇಮಾ, ಯಜಮಾನ್ರು ಯಾವಾಗ ಹಿಡ್ಕೋತಾರೆ, ಅದಕ್ಕೆ ಮುಂಚೆ ಏನಾಯ್ತು, ಎಲ್ಲಾ ಬರೀರಿ." ಅವನು ಓದುವುದಿಲ್ಲ ಅಂತ ಗೊತ್ತು. ಸರಿ, ತಗೋ.

ಬೆಳಿಗ್ಗೆ ಕಾಫಿ ಹೊತ್ತು. ನನ್ನ ಗಂಡ ವಲ್ದೆಸಿರ್ ನನ್ನ ಕೊರಳಪಟ್ಟಿ ಹಿಡಿದ. ಮುಂಚೆ ಏನಾಯಿತು? ಏನೂ ಇಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಕಾಫಿ ಆರಿ ಕೆನೆ ಕಟ್ಟಿದರೂ ಬಿಡಲಿಲ್ಲ.

ನಮ್ಮ ಒಲಾರಿಯಾ ಬಡಾವಣೆಯ ಅರ್ಧ ಜನಕ್ಕೆ ಜಿಯು-ಜಿತ್ಸು ಕುಸ್ತಿ ಕಲಿಸಿದ ಗುರು, ಎಲ್ಲರ ಬಾಯಲ್ಲೂ ಮೇಸ್ತ್ರಿ. ಈಗ ನನ್ನ ಹೆಸರೂ ಗೊತ್ತಿಲ್ಲ. ಬೆರಳಿಗೆ ಮಾತ್ರ ಆ ಮರೆವಿನ ರೋಗ ಬಂದಿಲ್ಲ.

ಸಂಜೆ ಮಗಳು ರೊಜಾನೆ ಬಂದಳು. ನನ್ನ ಕತ್ತಿನ ಕೆಳಗೆ ನೀಲಿಗಟ್ಟಿದ್ದು ನೋಡಿದಳು.

"ಅಮ್ಮಾ, ಇವತ್ತು ಕಾಲರ್ರು, ನಾಳೆ ಕುತ್ತಿಗೆ. ಹಿಂಗೇ ಆದ್ರೆ ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸ್ತೀನಿ, ನೋಡು."

"ನೀನ್ಯಾರೇ ಸೇರಿಸೋಕೆ?"

ಅತ್ತಳು. ನಾನೂ... ಬೇಡ. ಅದನ್ನು ಬರೆಯಲು ಡಾಕ್ಟರು ಹೇಳಿಲ್ಲ.

ಮಾರ್ಚ್ 13, ಗುರುವಾರ

ಪಕ್ಕದ ಮನೆಯವಳನ್ನು ವಲ್ದೆಸಿರ್ ಹತ್ತಿರ ಕೂರಿಸಿ ಅವನ ಗರಡಿಗೆ ಹೋದೆ. ಟೈರ್ ಅಂಗಡಿಯ ಮೇಲೆ. ಇಷ್ಟು ವರ್ಷ ಅವನ ಬೆವರಿನ ಬಿಳಿ ಅಂಗಿ ಒಗೆದವಳು, ಆ ಚಾಪೆಯ ಮೇಲೆ ಒಂದು ದಿನ ಕಾಲಿಟ್ಟಿರಲಿಲ್ಲ. ಅವನ ಶಿಷ್ಯೆ ಎಲೆನೀಸೆ ಈಗ ನಡೆಸುತ್ತಾಳೆ.

"ಏನಮ್ಮಾ, ಮೇಸ್ತ್ರಿ ಹುಷಾರಾಗಿದಾರಾ?"

"ಇಲ್ಲ. ನಂಗೆ ಬಿಡಿಸ್ಕೊಳ್ಳೋದು ಹೇಳ್ಕೊಡು. ಗೆಲ್ಲೋದೆಲ್ಲ ಬೇಡ. ಅವನ ಕೈಗೆ ನೋವಾಗ್ಬಾರ್ದು, ಅಷ್ಟೇ."

ನಗಲಿಲ್ಲ, ಪುಣ್ಯಾತ್ಗಿತ್ತಿ. ಅಂಗಿ ಕೊಟ್ಟಳು, ಸೊಂಟಕ್ಕೆ ಹೊಸಬರ ಬಿಳಿ ಪಟ್ಟಿ ಕಟ್ಟಿದಳು. ನಕ್ಕವನು ಜೋಯೆಲ್ಸನ್, ಬಸ್ ಡ್ರೈವರು, ಎತ್ತಿನಂಥ ಮೈ.

"ಅಜ್ಜೀ, ಎಸೆದುಬಿಡಬೇಡಿ, ಮನೇಲಿ ಸಣ್ಣ ಮಕ್ಕಳಿದಾವೆ."

"ಮೊದ್ಲು ಕಾಲುಗುರು ಕತ್ತರಿಸ್ಕೊಂಡು ಬಾ. ಆಮೇಲೆ ಎಸೀತೀನಿ."

ಮಣಿಕಟ್ಟು ಹಿಡಿದರೆ ಹೆಬ್ಬೆರಳ ಕಡೆ ತಿರುಗಿಸಿ ಜಾರಬೇಕು. ನಾಲ್ಕು ಬೆರಳ ಜತೆ ಜಗಳ ಆಡಬಾರದು. ಇಷ್ಟು ಕಲಿತೆ.

ಮಾರ್ಚ್ 27

ಸೀಗಡಿ ಅಂತ ಒಂದು ಕಸರತ್ತು. ಮಗ್ಗುಲಾಗಿ ಬಿದ್ದು ಸೊಂಟ ಹಿಂದಕ್ಕೆ ಚಿಮ್ಮಿಸಿ ಜಾರುವುದು. ಅರ್ಧದಲ್ಲಿ ಮೊಣಕಾಲು ಹಿಡಿದುಕೊಂಡಿತು. ಎತ್ತಿ ನಿಲ್ಲಿಸಿದರು. ಥೂ.

ಮನೆಯಲ್ಲಿ ಒಂದೂ ನಡೆಯಲಿಲ್ಲ. ಅವನ ಹೆಬ್ಬೆರಳ ಕಡೆ ತಿರುಗಿಸಿದೆ — ಹೆಬ್ಬೆರಳು ಅಲ್ಲಿಲ್ಲ! ಹಿಡಿತ ಬದಲಿಸಿಬಿಟ್ಟಿದ್ದ. ಜಗ್ಗಿದೆ. ಇನ್ನೂ ಬಿಗಿ ಮಾಡಿದ.

ಎಲೆನೀಸೆಗೆ ಹೇಳಿದೆ. "ನಮಗೆ ಕಲಿಸಿದವರೇ ಅವ್ರಲ್ವಾ," ಅಂದಳು. "ನೀವು ಜಗ್ಗಿದಷ್ಟೂ ಅವ್ರ ಕೈ ಎಚ್ಚರ ಆಗುತ್ತೆ. ಹಿಂದಕ್ಕೆ ಹೋಗ್ಬೇಡಿ, ಒಳಗೆ ಹೋಗಿ. ಎದೆಗೆ ಎದೆ ಅಂಟಿದ್ರೆ ಕಾಲರ್ ಹಿಡಿದ ಕೈಗೆ ಕೆಲಸ ಇರಲ್ಲ."

"ಈ ವಯಸ್ಸಲ್ಲಾ?"

"ಅಪ್ಕೊಳ್ಳೋದು ನಿಮ್ ಗಂಡನ್ನೇ ತಾನೆ?"

ಜೋಯೆಲ್ಸನ್ ಕೆಮ್ಮಿದ. ಕಣ್ಣು ಬಿಟ್ಟೆ. ತನ್ನ ಕಾಲುಗುರು ನೋಡಿಕೊಂಡ.

ಏಪ್ರಿಲ್ 23, ಸಂತ ಜಾರ್ಜನ ಹಬ್ಬ

ನಸುಕಿಗೇ ಪಟಾಕಿ ಶುರು. ವಲ್ದೆಸಿರ್ ಬೆಚ್ಚಿ ಎದ್ದು ಎರಡೂ ಕೈಯಲ್ಲಿ ನನ್ನ ಕಾಲರ್ ಹಿಡಿದ. ಉಸಿರು ಕಟ್ಟಿತು. ಜಗ್ಗಬೇಕು ಅನ್ನಿಸಿತು. ಜಗ್ಗಲಿಲ್ಲ. ಒಳಗೆ ಹೋದೆ. ಹಣೆ ಅವನ ಎದೆಗೆ ಒತ್ತಿ ನಿಂತೆ. ಎದೆ ಡಬಡಬ ಅನ್ನುತ್ತಿತ್ತು. ಎಷ್ಟು ವರ್ಷವಾಗಿತ್ತೋ ಅಷ್ಟು ಹತ್ತಿರ ಹೋಗಿ.

ಕೈ ಸಡಿಲವಾಯಿತು. ಆಮೇಲೆ ಅವನು ಹೇಳಿದ್ದು — ಆ ಗರಡಿ ದನಿಯಲ್ಲಿ —

"ಸೊಂಟ, ಹುಡುಗೀ. ಸೊಂಟ ಯಾರು ತಿರುಗಿಸ್ಬೇಕು? ಮತ್ತೆ ಮಾಡು."

"ನಿಮ್ಮಜ್ಜಿ ಸೊಂಟ!" ಅಂದೆ. ಆದರೂ ಮಾಡಿದೆ. ಅವನು ಮತ್ತೆ ಹಿಡಿದ, ನಾನು ಮತ್ತೆ ಒಳಗೆ ಹೋದೆ, ಸೊಂಟ ತಿರುಗಿಸಿದೆ.

"ಪರವಾಗಿಲ್ಲ," ಅಂದ. ನನ್ನ ಅಡುಗೆಗೂ ಅವನು ಯಾವತ್ತೂ ಅಷ್ಟೇ ಅಂದದ್ದು.

ಹಬ್ಬದೂಟಕ್ಕೆ ನಸುಕಿಗೆ ಮುಂಚೆಯೇ ಒಲೆಗಿಟ್ಟಿದ್ದ ಕಪ್ಪು ಬೀನ್ಸ್ ತಳ ಹಿಡಿಯಿತು. ಹಿಡಿಯಲಿ.

ಏಪ್ರಿಲ್ 30

ದಿನಾ ಕಾಫಿಯಾದ ಮೇಲೆ ಪಾಠ. ಕಾಲರ್, ತೋಳು, ತೋಳು ತಿರುಚಿ ಬಿಗಿಯುವ 'ಚಾವಿ' ಪಟ್ಟು. ನಾನು ಯಾರೆಂದು ಕೇಳಿದೆ. "ಹೊಸಬಳು," ಅಂದ. "ತಲೆ ಗಟ್ಟಿ. ಆದ್ರೆ ಬಿಟ್ಟು ಹೋಗೋಳಲ್ಲ."

ಡಾಕ್ಟರಿಗೆ: ಈ ವಾರ ಹಿಡಿದದ್ದು ಇಲ್ಲ. ಪಾಠ ಹಿಡಿತದ ಲೆಕ್ಕಕ್ಕೆ ಬರುವುದಿಲ್ಲ.

ಮೇ 9, ಶುಕ್ರವಾರ

ಕೆಟ್ಟಿತು.

ಅಡುಗೆಮನೆ ನೆಲದ ಮೇಲೆ ಕೂತಿದ್ದೆವು. ಅವನು ಹಿಂದಿನಿಂದ ನನ್ನ ಕುತ್ತಿಗೆಗೆ ತೋಳು ಸುತ್ತಿದ್ದ, "ಗದ್ದ ಒಳಗೆ, ಗದ್ದ ಒಳಗೆ" ಅನ್ನುತ್ತಿದ್ದ. ಸ್ವಲ್ಪ ಬಿಗಿಯಾಗಿತ್ತು, ಸುಳ್ಳೇಕೆ ಹೇಳಲಿ. ಬಾಗಿಲಲ್ಲಿ ರೊಜಾನೆ. ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಫೋನಿನಲ್ಲಿ ಫೋಟೋ ಬೇರೆ.

"ಪಾಠ ಕಣೇ ಅದು!"

"ಅಮ್ಮಾ, ನಿನ್ ಮುಖ ಕೆಂಪಗಾಗಿದೆ!"

"ನಗ್ತಿದ್ದೆ ಕಣೇ!"

ನಂಬಲಿಲ್ಲ. ಡಾಕ್ಟರು ಫೋಟೋ ನೋಡಿದ, ನನ್ನ ಮುಖ ನೋಡಲಿಲ್ಲ. ವಲ್ದೆಸಿರ್‌ಗೆ ಮಂಪರಿನ ಮಾತ್ರೆ ಬರೆದ, ಬೆಳಿಗ್ಗೆ ಒಂದು ಸಂಜೆ ಒಂದು. ರೊಜಾನೆ ಕಾರಿನಲ್ಲಿ ಹೇಳಿದಳು — ಮಾತ್ರೆ, ಇಲ್ಲಾ ಆಶ್ರಮ. ಹೇಳುತ್ತಲೇ ನನ್ನ ಕಾಲರ್ ಸರಿಮಾಡಿದಳು. ಅವಳನ್ನು ಬಯ್ಯಲೂ ಆಗಲಿಲ್ಲ.

ಮಾತ್ರೆ ಅಂದೆ.

ಜೂನ್ 3

ನಿದ್ದೆ. ಎದ್ದರೂ ನಿದ್ದೆ. ಗಂಜಿ ಗಲ್ಲದಿಂದ ಇಳಿಯುತ್ತದೆ.

ನನ್ನ ಕಾಲರನ್ನು ಅವನ ಅಂಗೈಗೆ ಇಟ್ಟೆ. ಬೆರಳು ಒಂದೊಂದಾಗಿ ನಾನೇ ಮಡಚಿದೆ. ಕೈ ತೆಗೆದ ಕೂಡಲೇ ಬಿಚ್ಚಿಕೊಂಡವು, ಹಾಲಲ್ಲಿ ನೆನೆದ ಬ್ರೆಡ್ಡಿನ ಹಾಗೆ. ಒಳಗೆ ಹೋದೆ, ಹಣೆ ಒತ್ತಿದೆ, ಸೊಂಟ ಬೇಕೆಂದೇ ತಪ್ಪು ತಿರುಗಿಸಿದೆ. "ಬಯ್ಯೋ," ಅಂದೆ. "ತಪ್ಪು ಮಾಡಿದೀನಿ ನೋಡೋ, ಬಯ್ಯೋ." ಗೋಡೆ ನೋಡುತ್ತಿದ್ದ.

ಎಲೆನೀಸೆ, ಜೋಯೆಲ್ಸನ್ ಬಂದಿದ್ದರು. ತಲೆ ಬಾಗಿಸಿ ನಿಂತರು. ಹೊರಗೆ ಹೋಗಿ ಆ ಎತ್ತು ಗೇಟು ಹಿಡಿದುಕೊಂಡು ಅತ್ತ.

ರೊಜಾನೆ ಅನ್ನುತ್ತಾಳೆ, "ನೋಡು, ಈಗ ನಿನಗೆ ನೆಮ್ಮದಿ."

ಜೂನ್ 12, ಗುರುವಾರ. ಬೆಳಿಗ್ಗೆ

ಡಾಕ್ಟರೇ, ಈ ಹಾಳೆ ಹರಿದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಇದನ್ನಾದರೂ ಓದಿ.

ನನಗೆ ಬಿಡಿಸಿಕೊಳ್ಳಲು ಬರುತ್ತದೆ. ಅನುಮಾನವಿದ್ದರೆ ನೀವೇ ನನ್ನ ಕಾಲರ್ ಹಿಡಿದು ನೋಡಿ. ರೊಜಾನೆಗೂ ಕಲಿಸುತ್ತೇನೆ, ಅಪ್ಪನ ಆ ಸಡಿಲ ಕೈ ನೋಡಿ ಒಪ್ಪಿದ್ದಾಳೆ, ನಿನ್ನೆ ನನ್ನ ಜತೆ ಗರಡಿಗೆ ಬಂದು ಬಾಗಿಲಲ್ಲಿ ಕೂತಿದ್ದಳು. ಮಾತ್ರೆ ನಾನಾಗಿ ನಿಲ್ಲಿಸಿಲ್ಲ. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಎರಡೇ ಪ್ರಶ್ನೆ. ಮಾತ್ರೆ ಕಡಿಮೆ ಮಾಡುತ್ತೀರಾ? ಮಾಡಿದರೆ ಆ ಕೈ ವಾಪಸ್ ಬರುತ್ತದಾ, ಇಲ್ಲವಾ? ಇಲ್ಲವಾದರೆ ಇಲ್ಲ ಅಂತಲೇ ಬರೆಯಿರಿ, ಓದಿಕೊಳ್ಳುತ್ತೇನೆ. "ನೋಡೋಣ, ಕಾಯೋಣ" ಅಂತ ಮಾತ್ರ ಬರೆಯಬೇಡಿ.

ಸೋಮವಾರ, ಜೂನ್ 16ರೊಳಗೆ ಉತ್ತರ ಕೊಡಿ.