ಕುಂಡ ಸೇರಿದ ಮಾದರಿ ಚೀಲ

ಜೈವಿಕ ಉದ್ಯಮ ಪ್ರೋತ್ಸಾಹ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಚೀಲ ಮಣ್ಣಾಯಿತೆಂಬ ಕಾರಣಕ್ಕೆ ನಮ್ಮ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಮಣ್ಣಾಗುವುದೇ ಅದರ ಕೆಲಸವಾಗಿತ್ತು! ಅಳಬೇಕಾದ ನಾನು ಬೆಳಗಿನಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ.

ತಮ್ಮ ಹೊಸ ನೀತಿ ಓದಿದ ದಿನ ನಾನೂ ಅತ್ತಿಗೆಯೂ ಕುಣಿದಾಡಿದ್ದೆವು. ಬೆಳೆಯ ತ್ಯಾಜ್ಯದಿಂದ ಸಾಮಾನು ತಯಾರಿಸುವವರಿಗೆ ಸಹಾಯಧನ, ತರಬೇತಿ, ಮಾರುಕಟ್ಟೆ! ಸರ್ಕಾರವೇ ಬೆನ್ನಿಗೆ ನಿಂತ ಮೇಲೆ ಕೇಳಬೇಕೆ? ಅಣ್ಣನ ಸೈಕಲ್ ರಿಪೇರಿ ಶೆಡ್ಡಿನಿಂದ ಸೈಕಲ್ಲುಗಳ ಜೊತೆ ಅಣ್ಣನನ್ನೂ ಹೊರಹಾಕಿ, ಚಿಪ್ಸ್ ಕಾರ್ಖಾನೆ ಎಸೆಯುವ ಆಲೂಗಡ್ಡೆ ಸಿಪ್ಪೆಯಿಂದ ಚೀಲ ಮಾಡತೊಡಗಿದೆವು. ಮೊದಲ ಚೀಲಗಳು ಒಂದು ಬ್ರೆಡ್ಡನ್ನೂ ಹೊರಲಿಲ್ಲ. ಆಮೇಲಿನವು ಅತ್ತಿಗೆಯ ಕೋಪವನ್ನೂ ತಡೆದುಕೊಂಡವು.

ಆದರೆ ತಮ್ಮ ನಿಯಮವನ್ನು ಯಾವ ಚೀಲ ತಡೆದುಕೊಂಡೀತು? ಚೀಲ ಬೇಗ ಕರಗಬೇಕಂತೆ. ಪರಿಶೀಲನೆ ಮುಗಿಯುವವರೆಗೆ ಮಾದರಿ ಮಾತ್ರ ಇದ್ದ ಹಾಗೇ ಇರಬೇಕಂತೆ. ಪರಿಶೀಲನೆಯೋ, ತಮ್ಮ ಕೃಪೆಯಿಂದ, ಎರಡು ಮಳೆಗಾಲ ನಡೆಯಿತು. ಮಾದರಿಯನ್ನಿಟ್ಟದ್ದು ತಮ್ಮ ಇಲಾಖೆಯ ಸೋರುವ ಉಗ್ರಾಣದಲ್ಲಿ. ಕಳೆದ ತಿಂಗಳು ಬೀರು ತೆರೆದರೆ ಒಳಗೆ ಒಂದು ಹಿಡಿ ಕಪ್ಪು ಪುಡಿ. ಅದರ ಮೇಲೆ ಇಲಾಖೆ ಕಟ್ಟಿದ್ದ ಪ್ಲಾಸ್ಟಿಕ್ ಚೀಟಿ, ಹೊಸದರಂತೆ ಹೊಳೆಯುತ್ತಿತ್ತು.

"ಮಾದರಿ ಎಲ್ಲಮ್ಮಾ?" ಎಂದು ತಮ್ಮ ಗುಮಾಸ್ತರು ನನ್ನನ್ನೇ ಕೇಳಿದರು.

"ಇದೇ ಸಾರ್ ಅದು. ಕರಗೋಗಿದೆ."

"ಕರಗಿದ್ರೆ ಪರೀಕ್ಷೆ ಯಾವುದಕ್ಕೆ ಮಾಡೋದು? ಹೊಸದು ಕೊಡಿ. ಈ ಸಲ ಸ್ವಲ್ಪ ಗಟ್ಟಿಮುಟ್ಟಾಗಿರ್ಲಿ."

ಅತ್ತಿಗೆಗೆ ರೇಗಿಹೋಯಿತು. "ಹಾಗಾದ್ರೆ ಪ್ಲಾಸ್ಟಿಕ್‌ದೇ ತಂದ್ಕೊಡ್ತೀವಿ ಬಿಡಿ!"

ಅವರು ಒಂದು ಕ್ಷಣ ಯೋಚಿಸಿದರು, ಮಾನ್ಯರೇ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಕೊನೆಗೆ ಜವಾನ ಆ ಪುಡಿಯನ್ನು ಬಾಚಿಕೊಂಡು ತಮ್ಮ ಕಿಟಕಿಯ ಒಣಗಿದ ಹೂಕುಂಡಕ್ಕೆ ಸುರಿದ. ನಿನ್ನೆ ತಿರಸ್ಕಾರದ ಆದೇಶ ಪಡೆಯಲು ಬಂದಾಗ, ತಾವು ಯಾರೋ ಅತಿಥಿಗಳಿಗೆ ಅದೇ ಗಿಡ ತೋರಿಸುತ್ತಿದ್ದಿರಿ: "ಸತ್ತೇ ಹೋಯ್ತು ಅಂದ್ಕೊಂಡಿದ್ದೆ. ಈಗ ನೋಡಿ, ಎಷ್ಟು ಚೆನ್ನಾಗಿ ಚಿಗುರಿದೆ!" ಬಾಗಿಲಲ್ಲೇ ನನಗೆ ಸಂತೋಷದಿಂದ ಕಣ್ಣು ತುಂಬಿಬಂತು. ಅತ್ತಿಗೆ ನನ್ನ ತೋಳು ಚಿವುಟಿದಳು.

ತಮ್ಮ ಮುದ್ರೆಯಿಲ್ಲದೆ ಬೇಕರಿಯವರು ನಮ್ಮ ಚೀಲ ಕೊಳ್ಳುವಂತಿಲ್ಲ. ಈ ತಿಂಗಳೊಳಗೆ ಅದು ಸಿಗದಿದ್ದರೆ ಶೆಡ್ಡು ಮತ್ತೆ ಸೈಕಲ್ಲುಗಳಿಗೆ. ಪರೀಕ್ಷೆಯ ಫಲಿತಾಂಶವನ್ನು ತಾವೇ ಸಾಕ್ಷಿಗಳ ಎದುರು ಓದಿ ಹೇಳಿದ್ದೀರಿ. ಇನ್ನು ಮುದ್ರೆ ಒತ್ತಿ. ಒತ್ತಲು ಮಾದರಿ ಬೇಕೇ ಬೇಕೆಂದರೆ ಆ ಕುಂಡದ ಮೇಲೆಯೇ ಒತ್ತಿ. ನಾವಿಬ್ಬರೂ ಬಂದು ಹೊತ್ತುಕೊಂಡು ಹೋಗುತ್ತೇವೆ.

ಇಂತಿ,
ತಮ್ಮ ಗಿಡಕ್ಕೆ ಅರಿಯದೆ ಗೊಬ್ಬರ ಹಾಕಿದವಳು
(ಅತ್ತಿಗೆಯ ಸಹಿಯೂ ಇದೆ, ಸ್ವಲ್ಪ ಒತ್ತಿ ಬರೆದಿದ್ದಾಳೆ, ಕ್ಷಮಿಸಿ)